ಟೇಕಾಫ್‌ನ ಮೊದಲ ನಿಮಿಷವನ್ನು ಕಲಿಸುವ ತಂತ್ರಾಂಶ: ಎಕ್ಸ್-ಪ್ಲೇನ್ 12 ವಿಮರ್ಶೆ

ಲಘು ವಿಮಾನವೊಂದು ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಬಿದ್ದಿತೆಂಬ ಸುದ್ದಿ ಬಂದಾಗಲೆಲ್ಲ, ಎಂಜಿನ್ ಕೈಕೊಟ್ಟಿರಬಹುದೆಂಬ ಒಂದು ಸಾಲಿನಲ್ಲಿ ನಮ್ಮ ತಿಳಿವಳಿಕೆ ನಿಂತುಬಿಡುತ್ತದೆ. ಎಂಜಿನ್ ನಿಂತ ಮಾತ್ರಕ್ಕೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ರೆಕ್ಕೆಗಳ ಮೇಲೆ ಸಾಕಷ್ಟು ವೇಗದಲ್ಲಿ ಗಾಳಿ ಹರಿಯುತ್ತಿರುವವರೆಗೆ ಅದು ತೇಲುತ್ತಾ ಇಳಿಯಬಲ್ಲದು. ಹಲವು ಸಾವುಗಳಿಗೆ ಕಾರಣವಾಗುವುದು ಎಂಜಿನ್ ನಿಂತ ನಂತರದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಪೈಲಟ್ ಮಾಡುವ ಆಯ್ಕೆ. ಆ ಸೆಕೆಂಡುಗಳನ್ನು ಮನೆಯ ಮೇಜಿನ ಮೇಲೆ ಎಷ್ಟು ಪ್ರಾಮಾಣಿಕವಾಗಿ ತೋರಿಸಬಹುದು ಎಂಬ ಒಂದೇ ಅಳತೆಗೋಲಿನಿಂದ ನಾನು ಎಕ್ಸ್-ಪ್ಲೇನ್ 12 ಎಂಬ ವಿಮಾನ ಚಾಲನಾ ತಂತ್ರಾಂಶವನ್ನು ಇಲ್ಲಿ ಪರಿಶೀಲಿಸುತ್ತಿದ್ದೇನೆ. ಆಟವಾಗಿ ಅದು ಹೇಗಿದೆ ಎಂಬ ಪ್ರಶ್ನೆಗೆ ಉತ್ತರ ಬೇರೆಡೆ ಸಿಗುತ್ತದೆ.

ಈ ಪ್ರಶ್ನೆಗೆ ಮಂಗಳೂರಿನಲ್ಲಿ ವಿಶೇಷ ತೂಕವಿದೆ. 2010ರ ಮೇ 22ರಂದು ಇಲ್ಲಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡು ಎಂಟು ಮಂದಿ ಮಾತ್ರ ಬದುಕುಳಿದ ಮೇಲೆ, ಟೇಬಲ್‌ಟಾಪ್ ರನ್‌ವೇ, ಅಂದರೆ ಗುಡ್ಡದ ನೆತ್ತಿಯ ಮೇಲಿನ ರನ್‌ವೇ, ಎಂಬ ಪದ ಇಲ್ಲಿನ ಪ್ರತಿ ಮನೆಗೂ ಪರಿಚಿತವಾಯಿತು. ಅದು ಇಳಿಯುವಾಗಿನ ದುರಂತ. ಹಾಗಾಗಿ ವಿಮಾನ ಅಪಘಾತ ಎಂದರೆ ಇಳಿಯುವ ಹೊತ್ತಿನದು ಎಂಬ ಭಾವನೆ ನಮ್ಮಲ್ಲಿ ಬಹುಕಾಲ ಉಳಿಯಿತು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬೋಯಿಂಗ್ 787 ವಿಮಾನ ಏರಿದ ಕೂಡಲೇ ಬಿದ್ದ ಬಳಿಕ ನನ್ನ ಭೌತಶಾಸ್ತ್ರದ ತರಗತಿಯಲ್ಲಿ ಕೇಳಿಬಂದ ಪ್ರಶ್ನೆಗಳೆಲ್ಲ ಟೇಕಾಫ್ ಕುರಿತವೇ ಆಗಿದ್ದವು. ದೊಡ್ಡ ಜೆಟ್ ವಿಮಾನದ ಕತೆ ಬೇರೆ, ನಾಲ್ಕು ಆಸನದ ತರಬೇತಿ ವಿಮಾನದ ಕತೆ ಬೇರೆ. ಆದರೆ ಮಂಗಳೂರು, ಉಡುಪಿಗಳಲ್ಲಿ ಪಿಯುಸಿ ವಿಜ್ಞಾನ ಓದುತ್ತಾ ಪೈಲಟ್ ಆಗಬೇಕೆನ್ನುವ ಮಕ್ಕಳು ಮೊದಲು ಹತ್ತುವುದು ಆ ಸಣ್ಣ ವಿಮಾನವನ್ನೇ. ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮ ದೇಶದಲ್ಲಿ 200 ಗಂಟೆಗಳ ಹಾರಾಟ ಬೇಕು, ಅದಕ್ಕೆ ಹೆತ್ತವರು ಲಕ್ಷಾಂತರ ರೂಪಾಯಿ ಹೊಂದಿಸಬೇಕು. ಅಂಥ ಮನೆಯವರನ್ನು ಎದುರಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಎಕ್ಸ್-ಪ್ಲೇನನ್ನು ರೂಪಿಸಿದವರು ಅಮೆರಿಕದ ಆಸ್ಟಿನ್ ಮೇಯರ್. ಅವರ ಸಂಸ್ಥೆಯ ಹೆಸರು ಲ್ಯಾಮಿನಾರ್ ರಿಸರ್ಚ್. ಹನ್ನೆರಡನೆಯ ಆವೃತ್ತಿ 2022ರಲ್ಲಿ ಬಂತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರ ನಿಜವಾದ ಸತ್ವ ಲೆಕ್ಕ ಹಾಕುವ ವಿಧಾನದಲ್ಲಿದೆ. ವಿಮಾನದ ರೆಕ್ಕೆ, ಬಾಲ, ಪ್ರೊಪೆಲರ್‌ಗಳನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ವಿಭಾಗಿಸಿ, ಪ್ರತಿ ಪಟ್ಟಿಗೂ ಆ ಕ್ಷಣದಲ್ಲಿ ಯಾವ ಕೋನದಲ್ಲಿ, ಯಾವ ವೇಗದಲ್ಲಿ ಗಾಳಿ ತಾಗುತ್ತಿದೆ ಎಂದು ನೋಡಿ, ಅವುಗಳ ಮೇಲಿನ ಬಲಗಳನ್ನೆಲ್ಲ ಕೂಡಿಸಿ ವಿಮಾನ ಮುಂದೆ ಏನು ಮಾಡುತ್ತದೆಂದು ಇದು ನಿರ್ಧರಿಸುತ್ತದೆ. ಇದರ ಫಲವಾಗಿ ಒಂದು ರೆಕ್ಕೆ ಮೊದಲು ಸ್ಟಾಲ್ ಆಗಿ (ಎತ್ತುವ ಬಲ ಕಳೆದುಕೊಂಡು) ಇನ್ನೊಂದು ಆಗದೆ ಉಳಿಯುವಂಥ ಸ್ಥಿತಿಗಳು ಲೆಕ್ಕದಿಂದಲೇ ಹುಟ್ಟುತ್ತವೆ. ಮೈಕ್ರೋಸಾಫ್ಟ್‌ನ ಫ್ಲೈಟ್ ಸಿಮ್ಯುಲೇಟರ್ ಭೂದೃಶ್ಯದ ಸೊಬಗಿನಲ್ಲಿ ಮುಂದಿದೆ, ಕಿಟಕಿಯಿಂದ ಊರು ನೋಡುವ ಆಸೆಯಿರುವವರಿಗೆ ಅದೇ ಹಿಡಿಸೀತು. ಟೇಕಾಫ್ ಅವಘಡವನ್ನು ಅಭ್ಯಾಸ ಮಾಡುವವರಿಗೆ ನನ್ನ ಆಯ್ಕೆ ಎಕ್ಸ್-ಪ್ಲೇನ್. ವೈಫಲ್ಯಗಳಿಗೆಂದೇ ಇದರಲ್ಲಿ ಪ್ರತ್ಯೇಕ ಪುಟವಿದೆ. ಎಂಜಿನ್ ಇಂತಿಷ್ಟು ಎತ್ತರದಲ್ಲಿ, ಇಂತಿಷ್ಟು ವೇಗದಲ್ಲಿ, ಅಥವಾ ಯಾವಾಗೆಂದು ಮೊದಲೇ ತಿಳಿಯದಂತೆ ನಿಲ್ಲಬೇಕೆಂದು ಅಲ್ಲಿ ಗೊತ್ತುಮಾಡಬಹುದು.

ತಂತ್ರಾಂಶದ ಜೊತೆಗೇ ಬರುವ ಸೆಸ್ನಾ 172ರಿಂದ ಆರಂಭಿಸುವುದು ಸರಿ. 1950ರ ದಶಕದಿಂದ ಇಂದಿನವರೆಗೆ 44,000ಕ್ಕೂ ಹೆಚ್ಚು ತಯಾರಾಗಿರುವ ಈ ವಿಮಾನದಲ್ಲೇ ಜಗತ್ತಿನ ಅಸಂಖ್ಯ ಪೈಲಟ್‌ಗಳು ಮೊದಲ ಪಾಠ ಕಲಿತಿದ್ದಾರೆ. 172ಎಸ್ ಮಾದರಿಯ ಗರಿಷ್ಠ ತೂಕ 1,157 ಕಿಲೋ, ಎಂಜಿನ್ 180 ಅಶ್ವಶಕ್ತಿಯದು. ಸುಮಾರು 55 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗದಲ್ಲಿ ಮೂತಿ ಎತ್ತಿ, 74 ನಾಟ್ ವೇಗದಲ್ಲಿ ಮೇಲೇರುತ್ತಾರೆ. ತುಂಬಿದ ತೂಕದಲ್ಲೂ ನೆಲ ಬಿಡಲು ಅದಕ್ಕೆ ಪ್ರಮಾಣಿತ ಹವೆಯಲ್ಲಿ (ಸಮುದ್ರಮಟ್ಟದಲ್ಲಿ 15 ಡಿಗ್ರಿ ಉಷ್ಣತೆ ಎಂದಿಟ್ಟುಕೊಂಡ ಲೆಕ್ಕದಲ್ಲಿ) ಬೇಕಾಗುವುದು ಸುಮಾರು 300 ಮೀಟರ್ ಮಾತ್ರ. ಬಜ್ಪೆಯ ಮುಖ್ಯ ರನ್‌ವೇ 2,450 ಮೀಟರ್ ಉದ್ದವಿರುವುದರಿಂದ, ಅಲ್ಲಿಂದ ಹೊರಟ ಸೆಸ್ನಾ ರನ್‌ವೇಯ ಇನ್ನೊಂದು ತುದಿಯನ್ನು ದಾಟುವ ಹೊತ್ತಿಗೆ 500 ಅಡಿಗೂ ಮೇಲಿರುತ್ತದೆ. ರನ್‌ವೇಯ ಅರ್ಧ ದಾರಿಯವರೆಗೆ ಎಂಜಿನ್ ನಿಂತರೆ ಮೂತಿ ತಗ್ಗಿಸಿ, ಉಳಿದ ರನ್‌ವೇಯ ಮೇಲೆಯೇ ಇಳಿದುಬಿಡಬಹುದು. ಇದನ್ನು ಮಾತಿನಲ್ಲಿ ಹೇಳುವುದಕ್ಕೂ ಪರದೆಯ ಮೇಲೆ ಮಾಡಿ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ, ಏಕೆಂದರೆ ಮೇಲೇರುತ್ತಿರುವ ವಿಮಾನದ ಎಂಜಿನ್ ನಿಂತಾಗ ವೇಗ ಎಷ್ಟು ಬೇಗ ಕರಗುತ್ತದೆ, ಮೂತಿಯನ್ನು ಎಷ್ಟು ಧೈರ್ಯವಾಗಿ ಕೆಳಗೆ ಒತ್ತಬೇಕಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ನಂಬಿಕೆ ಬರುವುದು.

ಟೇಕಾಫ್ ಓಟದಲ್ಲಿಯೇ ತಂತ್ರಾಂಶ ತನ್ನ ಪ್ರಾಮಾಣಿಕತೆಯನ್ನು ತೋರಿಸುತ್ತದೆ. ಥ್ರಾಟಲ್ ಪೂರ್ತಿ ಒತ್ತಿದ ಕೂಡಲೇ ವಿಮಾನ ಎಡಕ್ಕೆ ಎಳೆಯತೊಡಗುತ್ತದೆ. ಪ್ರೊಪೆಲರ್ ಸುರುಳಿಯಾಗಿ ಹಿಂದಕ್ಕೆ ತಳ್ಳುವ ಗಾಳಿ, ಎಂಜಿನ್‌ನ ತಿರುಚು ಬಲ ಇವೆಲ್ಲ ಅದಕ್ಕೆ ಕಾರಣ. ಬಲ ಪೆಡಲ್ ಒತ್ತದೆ ಬಿಟ್ಟರೆ ರನ್‌ವೇಯ ಮಧ್ಯರೇಖೆ ತಪ್ಪುತ್ತದೆ. ಲಘು ವಿಮಾನಗಳು ಓಟದಲ್ಲೇ ರನ್‌ವೇ ಬಿಟ್ಟು ಪಕ್ಕದ ಹುಲ್ಲಿಗೆ ನುಗ್ಗುವುದರ ಹಿಂದೆ ಹಲವು ಸಲ ಇಷ್ಟೇ ಇರುತ್ತದೆ.

ಇನ್ನು ನಮ್ಮ ಕರಾವಳಿಯ ಸೆಖೆಯ ವಿಷಯ. ಹವಾಮಾನದ ಪುಟದಲ್ಲಿ ಉಷ್ಣತೆಯನ್ನು 34 ಡಿಗ್ರಿಗೆ ಏರಿಸಿ ಬಜ್ಪೆಯಿಂದಲೇ ಮತ್ತೊಮ್ಮೆ ಹೊರಟರೆ ಅದೇ ವಿಮಾನ ಸೋಮಾರಿಯಾದಂತೆ ಕಾಣುತ್ತದೆ. ಲೆಕ್ಕ ಸರಳವಾಗಿದೆ: ಬಜ್ಪೆ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 103 ಮೀಟರ್ ಎತ್ತರದಲ್ಲಿದೆ, ಆ ಎತ್ತರದ ಪ್ರಮಾಣಿತ ಉಷ್ಣತೆ 14 ಡಿಗ್ರಿಗೆ ಸಮೀಪ. ಅದಕ್ಕಿಂತ 20 ಡಿಗ್ರಿ ಹೆಚ್ಚಾದಾಗ ಗಾಳಿ ತೆಳುವಾಗಿ, ವಿಮಾನದ ಪಾಲಿಗೆ ಅದು ಸುಮಾರು 2,700 ಅಡಿ, ಅಂದರೆ 820 ಮೀಟರ್ ಎತ್ತರದ ಊರಿನಿಂದ ಹೊರಟಂತಾಗುತ್ತದೆ. ಬಿಸಿಲಿನ ಮಧ್ಯಾಹ್ನ ಬಜ್ಪೆಯೇ ಘಟ್ಟದ ನೆತ್ತಿಗೆ ಹೋಗಿ ಕುಳಿತಂತೆ ಎಂದು ತರಗತಿಯಲ್ಲಿ ಹೇಳುತ್ತೇನೆ. ಇದರ ಮೇಲೆ ತೇವಾಂಶ ಬೇರೆ. ತೇವ ತುಂಬಿದ ಗಾಳಿ ಭಾರವೆಂಬ ನಂಬಿಕೆ ಬಹಳ ಜನರಲ್ಲಿದೆ. ನೀರಿನ ಅಣುವಿನ ತೂಕ 18 ಇದ್ದರೆ ಒಣಗಾಳಿಯ ಸರಾಸರಿ 29, ಆದ್ದರಿಂದ ತೇವದ ಗಾಳಿಯೇ ಹಗುರ. ರೆಕ್ಕೆ, ಪ್ರೊಪೆಲರ್, ಎಂಜಿನ್ ಮೂರೂ ಒಟ್ಟಿಗೆ ಬಲ ಕಳೆದುಕೊಳ್ಳುತ್ತವೆ, ಆದರೆ ವೇಗಮಾಪಕ ಮಾತ್ರ ಎಂದಿನ ಅಂಕಿಗಳನ್ನೇ ತೋರಿಸುತ್ತಿರುತ್ತದೆ. ಉದ್ದ ರನ್‌ವೇಯಲ್ಲಿ ಈ ಕೊರತೆ ಗಮನಕ್ಕೆ ಬಾರದೆ ಹೋಗಬಹುದು. ಇದೇ ತೂಕ, ಇದೇ ಸೆಖೆಯಲ್ಲಿ, ತುದಿಯಲ್ಲಿ ಮರಗಳಿರುವ ಚಿಕ್ಕ ಪಟ್ಟಿಯೊಂದರಿಂದ ಹೊರಟು ನೋಡಿದರೆ ಗಂಭೀರತೆ ತಿಳಿಯುತ್ತದೆ.

ಈಗ ವಿಮರ್ಶೆಯ ಹೃದಯಭಾಗಕ್ಕೆ ಬರುತ್ತೇನೆ. ರನ್‌ವೇ ದಾಟಿ, ನೆಲದಿಂದ ನಾನೂರು ಐನೂರು ಅಡಿ ಮೇಲೆ ಎಂಜಿನ್ ನಿಂತಾಗ ಪ್ರತಿಯೊಬ್ಬರ ಮನಸ್ಸೂ ಹಿಂದಿರುವ ರನ್‌ವೇಯ ಕಡೆಗೆ ತುಡಿಯುತ್ತದೆ. ಅಷ್ಟು ಉದ್ದದ, ಅಷ್ಟು ಸಮತಟ್ಟಾದ ಜಾಗ ಈಗತಾನೇ ಬಿಟ್ಟುಬಂದದ್ದು, ಮರಳಿ ತಿರುಗಿದರೆ ಸಾಕಲ್ಲವೇ ಎನಿಸುತ್ತದೆ. ಇಂಗ್ಲಿಷಿನಲ್ಲಿ ಪೈಲಟ್‌ಗಳು ಇದನ್ನು ಅಸಾಧ್ಯದ ತಿರುವು ಎಂದು ಕರೆಯುತ್ತಾರೆ. ಏಕೆ ಅಸಾಧ್ಯವೆಂದು ಅಂಕಿಗಳೇ ಹೇಳುತ್ತವೆ. 70 ನಾಟ್ ವೇಗದಲ್ಲಿ 30 ಡಿಗ್ರಿ ವಾಲಿಸಿ ತಿರುಗಿದರೆ ತಿರುವಿನ ತ್ರಿಜ್ಯ ಸುಮಾರು 230 ಮೀಟರ್; ಅರ್ಧ ಸುತ್ತು ಮುಗಿಯಲು 20 ಸೆಕೆಂಡು ಬೇಕು. ಆ ಹೊತ್ತಿಗೆ ವಿಮಾನದ ಮುಖ ಹಿಂದಕ್ಕೆ ತಿರುಗಿರುತ್ತದೆ ನಿಜ, ಆದರೆ ಅದು ರನ್‌ವೇಯ ರೇಖೆಯಿಂದ 460 ಮೀಟರ್ ಪಕ್ಕದಲ್ಲಿರುತ್ತದೆ. ರೇಖೆಗೆ ಮರಳಲು ಇನ್ನೂ ತಿರುಗಬೇಕು, ಮತ್ತೆ ವಿರುದ್ಧ ದಿಕ್ಕಿಗೆ ತಿರುಗಿ ನೇರವಾಗಬೇಕು. ಎಂಜಿನ್ ಇಲ್ಲದ ಸೆಸ್ನಾ 172 ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಸಾಗುತ್ತದೆ. ವಾಲಿದಾಗ ಅದಕ್ಕಿಂತ ಬೇಗ ಇಳಿಯುತ್ತದೆ. ಏನಾಯಿತೆಂದು ಅರಿವಾಗುವುದರಲ್ಲೇ ಕಳೆದುಹೋಗುವ ಮೂರು ನಾಲ್ಕು ಸೆಕೆಂಡುಗಳನ್ನೂ ಇದಕ್ಕೆ ಸೇರಿಸಬೇಕು.

ಎತ್ತರ ಸಾಲದೆಂದು ಕಂಡಾಗ ಪೈಲಟ್ ತಿರುವನ್ನು ಬಿಗಿಗೊಳಿಸುತ್ತಾರೆ. ಅಪಘಾತ ನಡೆಯುವುದು ಅಲ್ಲಿಯೇ. ನೇರ ಹಾರಾಟದಲ್ಲಿ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಲ್ಲಿ ಕೆಳಕ್ಕೆ ಬಾಗುವ ಪಟಲ) ಇಳಿಸದೆ, ಈ ವಿಮಾನದ ರೆಕ್ಕೆ 48 ನಾಟ್ ಸುಮಾರಿಗೆ ಸ್ಟಾಲ್ ಆಗುತ್ತದೆ, ಅಂದರೆ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದುರಿ, ಎತ್ತುವ ಬಲ ಕುಸಿಯುತ್ತದೆ. ಎತ್ತರ ಕಳೆದುಕೊಳ್ಳದಂತೆ ಹಿಡಿದು 45 ಡಿಗ್ರಿ ವಾಲಿದರೆ ಅದೇ ಕುಸಿತ 57 ನಾಟ್‌ನಲ್ಲಿ, 60 ಡಿಗ್ರಿ ವಾಲಿದರೆ 68 ನಾಟ್‌ನಲ್ಲಿ ಬರುತ್ತದೆ. ಎಂಜಿನ್ ನಿಂತ ಸೆಸ್ನಾ ಅತಿ ದೂರ ತೇಲಲು ಕೈಪಿಡಿ ಸೂಚಿಸುವ ವೇಗವೂ 68 ನಾಟ್. ನೇರವಾಗಿ ತೇಲುವವನನ್ನು ಕಾಪಾಡುವ ವೇಗ, ಯೋಕ್ (ವಿಮಾನದ ಮೂತಿಯನ್ನು ಏರಿಳಿಸುವ, ವಾಲಿಸುವ ಹಿಡಿ) ಎಳೆದು ಬಿಗಿಯಾಗಿ ತಿರುಗುವವನನ್ನು ಕಾಪಾಡುವುದಿಲ್ಲವೆಂಬ ಈ ಒಂದು ಸಂಗತಿಯನ್ನು ಎಕ್ಸ್-ಪ್ಲೇನ್ ಎಷ್ಟು ಚೆನ್ನಾಗಿ ಮನಗಾಣಿಸುತ್ತದೆಯೆಂದರೆ, ಅದಕ್ಕಾಗಿಯೇ ನಾನು ಈ ತಂತ್ರಾಂಶವನ್ನು ಶಿಫಾರಸು ಮಾಡಲು ಸಿದ್ಧನಿದ್ದೇನೆ. ಎಚ್ಚರಿಕೆಯ ಸದ್ದು ಕೂಗುತ್ತದೆ, ನೆಲ ಹತ್ತಿರ ಬರುತ್ತದೆ, ಕೈ ತಾನಾಗಿಯೇ ಯೋಕನ್ನು ಇನ್ನಷ್ಟು ಹಿಂದಕ್ಕೆ ಎಳೆಯುತ್ತದೆ. ತಿರುವನ್ನು ಅವಸರಿಸಲು ಒಳಬದಿಯ ರಡರ್ ಪೆಡಲ್ (ಬಾಲದ ಚುಕ್ಕಾಣಿಯನ್ನು ತಿರುಗಿಸುವ ಪೆಡಲ್) ಒತ್ತಿದವರಿಗೆ ಒಳಗಿನ ರೆಕ್ಕೆ ತಟ್ಟನೆ ಕೆಳಕ್ಕೆ ಮಗುಚಿ, ವಿಮಾನ ಸುತ್ತುತ್ತಾ ಬೀಳುವುದು ಕಾಣುತ್ತದೆ. ಮುನ್ನೂರು ಅಡಿಯಲ್ಲಿ ಅದರಿಂದ ಚೇತರಿಸಿಕೊಳ್ಳಲು ಯಾರಿಗೂ ಜಾಗವಿಲ್ಲ.

ಬಜ್ಪೆಯ ಗುಡ್ಡ ಈ ಪಾಠಕ್ಕೆ ಮತ್ತೊಂದು ಅಧ್ಯಾಯವನ್ನು ಸೇರಿಸುತ್ತದೆ. ಗುಡ್ಡದ ಅಂಚು ದಾಟಿದ ಕೂಡಲೇ ಕೆಳಗಿನ ನೆಲ ಕಣಿವೆಗೆ ಇಳಿಯುವುದರಿಂದ, ಕಿಟಕಿಯಿಂದ ನೋಡುವವರಿಗೆ ತಾವು ಸಾಕಷ್ಟು ಮೇಲಿದ್ದೇವೆ ಎನಿಸುತ್ತದೆ. ಆ ಹೆಚ್ಚುವರಿ ಎತ್ತರ ಮುಂದಕ್ಕೆ, ಕಣಿವೆಯತ್ತ ಇಳಿಯುವವರಿಗೆ ನಿಜವಾಗಿ ದೊರೆಯುವ ಕಾಲಾವಕಾಶ. ಹಿಂದಿರುಗುವವರಿಗೆ ಅದು ಸುಳ್ಳು ಭರವಸೆ, ಏಕೆಂದರೆ ಅವರು ತಲುಪಬೇಕಾದ ರನ್‌ವೇ ಗುಡ್ಡದ ನೆತ್ತಿಯ ಮೇಲೆಯೇ ಇದೆ. ರನ್‌ವೇಯ ಮಟ್ಟಕ್ಕಿಂತ ಕೆಳಗಿಳಿದರೆ ಎದುರಾಗುವುದು ಗುಡ್ಡದ ಬದಿ. ಕಡಲಿನಿಂದ ಪಶ್ಚಿಮದ ಗಾಳಿ ಬೀಸುವ ಮಧ್ಯಾಹ್ನ ಅದಕ್ಕೆ ಎದುರಾಗಿ ಹೊರಟ ವಿಮಾನ ಮರಳಿ ತಿರುಗಿದಾಗ ಅದೇ ಗಾಳಿ ಬೆನ್ನ ಹಿಂದೆ ಬರುತ್ತದೆ, ನೆಲ ಬಹಳ ಬೇಗ ಓಡುತ್ತಿರುವಂತೆ ತೋರುತ್ತದೆ, ವೇಗ ಹೆಚ್ಚಾಯಿತೆಂದು ಭ್ರಮಿಸಿದ ಪೈಲಟ್ ಮೂತಿಯನ್ನು ಇನ್ನೂ ಎತ್ತುತ್ತಾರೆ. ಇಷ್ಟನ್ನೂ ತಂತ್ರಾಂಶದಲ್ಲಿ ಗಾಳಿಯ ದಿಕ್ಕು, ವೇಗಗಳನ್ನು ಬದಲಿಸಿ ಪರೀಕ್ಷಿಸಬಹುದು.

ಅಧ್ಯಾಪಕನಾಗಿ ನನಗೆ ಅತ್ಯಂತ ಇಷ್ಟವಾದದ್ದು ಮಾಹಿತಿಯನ್ನು ಕಡತಕ್ಕೆ ಬರೆಯುವ ಸೌಲಭ್ಯ. ವೇಗ, ಎತ್ತರ, ವಾಲುವ ಕೋನ, ಗಾಳಿಗೆ ರೆಕ್ಕೆ ಒಡ್ಡಿಕೊಂಡ ಕೋನ ಇವುಗಳನ್ನೆಲ್ಲ ಸಾಲುಸಾಲಾಗಿ ದಾಖಲಿಸಿಕೊಂಡು, ನಂತರ ನಕ್ಷೆ ಬಿಡಿಸಿ ನೋಡಿದರೆ ನಿಜವಾದ ತನಿಖಾ ವರದಿಯೊಂದನ್ನು ಓದುವ ಕಣ್ಣು ಬೆಳೆಯುತ್ತದೆ. ಹಾರಾಟವನ್ನು ಮರಳಿ ಆಡಿಸಿ ಹೊರಗಿನಿಂದ ನೋಡಲೂ ಬರುತ್ತದೆ.

ತೂಕ ಮತ್ತು ಸಮತೋಲನದ ಪುಟವೂ ಇಷ್ಟೇ ಮುಖ್ಯ. 2001ರ ಆಗಸ್ಟ್ 25ರಂದು ಬಹಾಮಾಸ್‌ನ ಮಾರ್ಷ್ ಹಾರ್ಬರ್‌ನಲ್ಲಿ ಗಾಯಕಿ ಆಲಿಯಾ ಸೇರಿ ಒಂಬತ್ತು ಮಂದಿಯನ್ನು ಹೊತ್ತ ಸೆಸ್ನಾ 402ಬಿ ವಿಮಾನ ಏರಿದ ಕೂಡಲೇ ಬಿತ್ತು, ಯಾರೂ ಉಳಿಯಲಿಲ್ಲ. ವಿಮಾನದ ತೂಕ ಮಿತಿ ಮೀರಿತ್ತು, ಗುರುತ್ವ ಕೇಂದ್ರ ಹಿಂದಿನ ಮಿತಿಯನ್ನೂ ದಾಟಿ ಹಿಂದಿತ್ತು. ಗುರುತ್ವ ಕೇಂದ್ರವನ್ನು ಹಿಂದಕ್ಕೆ ಜರುಗಿಸುವ ಸೌಲಭ್ಯ ಎಕ್ಸ್-ಪ್ಲೇನಿನಲ್ಲಿದೆ. ಮಿತಿ ದಾಟಿಸಿ ಹೊರಟರೆ ಮೂತಿ ತಾನಾಗಿ ಏಳುತ್ತದೆ, ಯೋಕನ್ನು ಪೂರ್ತಿ ಮುಂದಕ್ಕೆ ತಳ್ಳಿದರೂ ಸಾಲದಾಗುತ್ತದೆ. 1996ರ ಏಪ್ರಿಲ್ 11ರಂದು ಅಮೆರಿಕದ ಶೈಯೆನ್‌ನಲ್ಲಿ ನಡೆದದ್ದು ಇನ್ನೂ ಮನಕಲಕುವಂಥದ್ದು. ಸಮುದ್ರಮಟ್ಟದಿಂದ 1,800 ಮೀಟರ್‌ಗೂ ಎತ್ತರದ ಆ ಊರಿನಿಂದ, ಏಳು ವರ್ಷದ ಬಾಲಕಿ, ಅವಳ ತಂದೆ ಮತ್ತು ತರಬೇತುದಾರರಿದ್ದ ಸೆಸ್ನಾ 177ಬಿ ಮಿತಿಮೀರಿದ ತೂಕದೊಂದಿಗೆ ಗುಡುಗು ಮಳೆಯೊಳಗೆ ಹೊರಟು, ವೇಗ ಕಳೆದುಕೊಂಡು ಸ್ಟಾಲ್ ಆಗಿ ಬಿತ್ತು, ಮೂವರೂ ಮಡಿದರು. ದಾಖಲೆಗಾಗಿ ದೇಶದ ಉದ್ದಗಲ ಹಾರುವ ಪಯಣದ ವೇಳಾಪಟ್ಟಿ ಅವರ ಬೆನ್ನ ಮೇಲಿತ್ತು. ತೆಳು ಗಾಳಿ, ಭಾರ, ಮಳೆ, ತಿರುವು ಇವುಗಳಲ್ಲಿ ಒಂದೊಂದನ್ನೇ ಸೇರಿಸುತ್ತಾ ಹೋಗಿ ವಿಮಾನ ಯಾವ ಹಂತದಲ್ಲಿ ಸೋಲುತ್ತದೆಂದು ನೋಡುವುದು ತಂತ್ರಾಂಶದಲ್ಲಿ ಸಾಧ್ಯ. ವೇಳಾಪಟ್ಟಿಯ ಒತ್ತಡವನ್ನು ಮಾತ್ರ ಯಾವ ತಂತ್ರಾಂಶವೂ ಸೇರಿಸಲಾರದು.

ಹೀಗೆ ಸೇರಿಸಲಾಗದ ಇನ್ನೂ ಹಲವು ಸಂಗತಿಗಳಿವೆ, ಕೊಳ್ಳುವವರು ಅವುಗಳನ್ನು ಅರಿತಿರಬೇಕು. ಟೇಕಾಫ್ ಅಪಘಾತಗಳ ಬೇರು ಎಷ್ಟೋ ಸಲ ಎಂಜಿನ್ ಚಾಲೂ ಮಾಡುವ ಮೊದಲೇ ಇರುತ್ತದೆ. ಸೆಸ್ನಾ ವಿಮಾನಗಳಲ್ಲಿ ಆಸನದ ಕೊಂಡಿ ಸರಿಯಾಗಿ ಕೂರದೆ, ಮೇಲೇರುವಾಗ ಪೈಲಟ್ ಆಸನದೊಂದಿಗೆ ಹಿಂದಕ್ಕೆ ಜಾರಿ, ಆಸರೆಗೆ ಹಿಡಿದ ಯೋಕ್ ಜೊತೆಗೇ ಬಂದು ಮೂತಿ ಎದ್ದ ಪ್ರಕರಣಗಳು ನಡೆದಿವೆ. ಆಸನದ ಹಳಿಗಳ ತಪಾಸಣೆಯನ್ನು ಅಮೆರಿಕದ ವಿಮಾನಯಾನ ಆಡಳಿತ 1987ರಲ್ಲಿ ಕಡ್ಡಾಯಗೊಳಿಸಿತು. ನಮ್ಮ ಮನೆಯ ಕುರ್ಚಿ ಈ ಪಾಠ ಹೇಳುವುದಿಲ್ಲ. ಮಳೆಗಾಲದಲ್ಲಿ ಇಂಧನದ ಟ್ಯಾಂಕಿನೊಳಗೆ ಸೇರುವ ನೀರನ್ನು ಸಣ್ಣ ಲೋಟಕ್ಕೆ ಹಿಡಿದು, ಬೆಳಕಿಗೆ ಒಡ್ಡಿ ನೋಡುವ ಅಭ್ಯಾಸವೂ ಕೀಲಿಮಣೆಯಿಂದ ಬರುವಂಥದ್ದಲ್ಲ. ತಪಾಸಣಾ ಪಟ್ಟಿ ಓದುವ ಸಂಪ್ರದಾಯ ಬೇರೂರಿದ್ದೇ ಒಂದು ಟೇಕಾಫ್ ಅಪಘಾತದಿಂದ: 1935ರ ಅಕ್ಟೋಬರ್ 30ರಂದು ಬೋಯಿಂಗ್‌ನ ಮಾದರಿ 299 ಬಾಂಬರ್ ವಿಮಾನ, ಗಾಳಿಗೆ ಅಲುಗದಂತೆ ನಿಯಂತ್ರಣ ಪಟಲಗಳಿಗೆ ಹಾಕಿದ ಬೀಗವನ್ನು ತೆಗೆಯದೆಯೇ ಹೊರಟು, ಏರಿ, ಬಿದ್ದಿತು. ಅನುಭವಿ ಪೈಲಟ್‌ಗಳಿದ್ದೂ ಹಾಗಾಯಿತು. ಎಕ್ಸ್-ಪ್ಲೇನ್ ತೆರೆದ ಕೂಡಲೇ ಎಂಜಿನ್ ಓಡುತ್ತಿರುವ ವಿಮಾನ ರನ್‌ವೇಯ ತುದಿಯಲ್ಲಿ ನಿಂತಿರುವುದು ಅನುಕೂಲವಾದರೂ, ಕಲಿಯುವವರ ಮಟ್ಟಿಗೆ ಅದು ಒಳ್ಳೆಯ ಅಭ್ಯಾಸವಲ್ಲ. ಎಂಜಿನ್ ಆರಿಸಿಟ್ಟ ವಿಮಾನದಿಂದ ಆರಂಭಿಸುವ ಆಯ್ಕೆಯಿದೆ, ಅದನ್ನೇ ಬಳಸಬೇಕು.

ದೇಹಕ್ಕೆ ಆಗುವ ಅನುಭವವೂ ಇಲ್ಲಿ ಸಿಗುವುದಿಲ್ಲ. ಮೂತಿ ತಗ್ಗಿಸಿದಾಗ ಹೊಟ್ಟೆ ತೇಲಿದಂತಾಗುವುದು, ಬಿಗಿ ತಿರುವಿನಲ್ಲಿ ಮೈ ಆಸನಕ್ಕೆ ಒತ್ತಿಕೊಳ್ಳುವುದು, ಸ್ಟಾಲ್‌ಗೆ ಮೊದಲು ವಿಮಾನ ನಡುಗುವುದು ಇವು ನಿಜವಾದ ಪೈಲಟ್‌ಗೆ ಎಚ್ಚರಿಕೆ ಕೊಡುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಸಾವಿನ ಭಯ ಪರದೆಯ ಮುಂದೆ ಇರುವುದಿಲ್ಲ. ಮನೆಯಲ್ಲಿ ಮರಳಿ ತಿರುಗುವುದನ್ನು ಸಾಧಿಸಿದ ವಿದ್ಯಾರ್ಥಿಯೊಬ್ಬ ಅದನ್ನು ನಿಜವಾದ ವಿಮಾನದಲ್ಲಿ ಪ್ರಯತ್ನಿಸಬಹುದೆಂದು ಭಾವಿಸಿದರೆ ಈ ತಂತ್ರಾಂಶದಿಂದ ಕೆಡುಕೇ ಆಗುತ್ತದೆ. ಯಾವ ಎತ್ತರದ ಕೆಳಗೆ ನೇರ ಮುಂದಕ್ಕೇ ಇಳಿಯಬೇಕೆಂಬುದನ್ನು ಹೊರಡುವ ಮೊದಲೇ ತರಬೇತುದಾರರೊಂದಿಗೆ ನಿಶ್ಚಯಿಸಿಕೊಂಡಿರಬೇಕು.

ಎರಡು ಎಂಜಿನ್‌ನ ಬ್ಯಾರನ್ 58 ಕೂಡ ಇದರಲ್ಲಿದೆ. ಒಂದು ಎಂಜಿನ್ ನಿಂತರೂ ಇನ್ನೊಂದು ಇದೆಯಲ್ಲ ಎಂಬ ನಿಶ್ಚಿಂತೆ ಇರುವವರು, ಕಡಿಮೆ ವೇಗದಲ್ಲಿ ಒಂದನ್ನು ನಿಲ್ಲಿಸಿ, ಓಡುತ್ತಿರುವ ಇನ್ನೊಂದು ಎಂಜಿನ್ನೇ ವಿಮಾನವನ್ನು ಹೇಗೆ ಮಗುಚಿಹಾಕುತ್ತದೆಂದು ನೋಡಬೇಕು.

ಉಳಿದ ವಿವರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಊರಿನ ಹೆಂಚಿನ ಮನೆ, ತೆಂಗಿನ ತೋಟ, ಗುರುಪುರ ನದಿಯ ದಂಡೆಗಳನ್ನು ಇದ್ದಂತೆ ಕಾಣಬೇಕೆಂದು ಬಯಸುವವರಿಗೆ ಇದರ ಮೂಲ ಭೂದೃಶ್ಯ ತೃಪ್ತಿ ಕೊಡದು. ಕನ್ನಡದಲ್ಲಿ ಸೂಚನೆಗಳಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಲ್ಯಾಪ್‌ಟಾಪಿಗೆ ಇದು ಭಾರವಾಗುತ್ತದೆ. ಇಲ್ಲಿ ಹಾರಿದ ಗಂಟೆಗಳು ಪರವಾನಗಿಯ 200 ಗಂಟೆಗಳಿಗೆ ಸೇರುವುದಿಲ್ಲ. ಮೌಸ್‌ನಿಂದ ಹಾರಿಸುವುದರಲ್ಲಿ ಅರ್ಥವಿಲ್ಲ. ರಡರ್‌ಗಾಗಿ ತಿರುಚಬಹುದಾದ ಹಿಡಿಯುಳ್ಳ ಜಾಯ್‌ಸ್ಟಿಕ್ ಕನಿಷ್ಠ ಅಗತ್ಯ, ಪೆಡಲ್‌ಗಳಿದ್ದರೆ ಒಳ್ಳೆಯದು, ಏಕೆಂದರೆ ಮೇಲೆ ಹೇಳಿದ ಅಪಘಾತಗಳಲ್ಲಿ ಪಾದಗಳ ಪಾತ್ರ ದೊಡ್ಡದು. ಬೆಲೆ ಡಾಲರ್‌ಗಳಲ್ಲಿದೆ, ಕಾಲಮಿತಿಯುಳ್ಳ ಪ್ರಾಯೋಗಿಕ ಆವೃತ್ತಿ ಉಚಿತವಾಗಿ ಸಿಗುವುದರಿಂದ ತಮ್ಮ ಕಂಪ್ಯೂಟರ್‌ನಲ್ಲಿ ಅದು ಸರಾಗವಾಗಿ ನಡೆಯುತ್ತದೆಯೇ ಎಂದು ನೋಡಿಯೇ ಹಣ ಕೊಡಬಹುದು. ಕೊಂಡವರು ಇದರ ಜೊತೆಗೆ ನಮ್ಮ ದೇಶದ ವಿಮಾನ ಅಪಘಾತ ತನಿಖಾ ಬ್ಯೂರೋ ಪ್ರಕಟಿಸುವ ವರದಿಗಳನ್ನು ಓದಬೇಕೆಂದು ನನ್ನ ಒತ್ತಾಯ. 2012ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ವರದಿಗಳು ಎಲ್ಲರಿಗೂ ಮುಕ್ತವಾಗಿವೆ. ತರಬೇತಿ ವಿಮಾನವೊಂದರ ವರದಿಯನ್ನು ಆರಿಸಿ, ಅದರಲ್ಲಿರುವ ತೂಕ, ಉಷ್ಣತೆ, ಗಾಳಿಯ ವಿವರಗಳನ್ನು ತಂತ್ರಾಂಶಕ್ಕೆ ತುಂಬಿ, ಆ ಹಾರಾಟವನ್ನು ಮೊದಲಿನಿಂದ ನಡೆಸಿ ನೋಡಬಹುದು. ಪೈಲಟ್ ತರಬೇತಿಗೆ ಮಕ್ಕಳನ್ನು ಸೇರಿಸಲಿರುವ ಹೆತ್ತವರೂ ಆಗ ಪಕ್ಕದಲ್ಲಿ ಕುಳಿತರೆ, ತರಬೇತಿ ಶಾಲೆಗೆ ಹೋದಾಗ ವಿಮಾನಗಳ ನಿರ್ವಹಣೆ, ತಪಾಸಣಾ ಪಟ್ಟಿ, ಎಂಜಿನ್ ವೈಫಲ್ಯದ ಅಭ್ಯಾಸಗಳ ಬಗ್ಗೆ ಏನೇನು ಕೇಳಬೇಕೆಂಬುದು ಅವರಿಗೂ ತಿಳಿಯುತ್ತದೆ.